ಹಲಗೆ ಗೋಡೆಗಳ ನಡುವಿನ ಫುಟ್‌ಬಾಲ್: ಜನ ತುಂಬಿ ಬರುತ್ತಿದ್ದ ತಂಡಗಳು ಏಕೆ ಮುಚ್ಚಿಹೋದವು?

ಹಿಮ್ಮಡಿ (ಮೈಸೂರು)

ವೇದಿಕೆಯ ಎಲ್ಲ ಸದಸ್ಯರಿಗೆ ನಮಸ್ಕಾರ. ಅಮೆರಿಕದಲ್ಲಿ 1978ರಿಂದ 1992ರವರೆಗೆ ನಡೆದ ಮೇಜರ್ ಇಂಡೋರ್ ಸಾಕರ್ ಲೀಗ್ ಎಂಬ ವೃತ್ತಿಪರ ಒಳಾಂಗಣ ಫುಟ್‌ಬಾಲ್ ಲೀಗಿನ ಬಗ್ಗೆ ಕೆಲವು ತಿಂಗಳುಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಒಂದು ಪ್ರಶ್ನೆ ಬಗೆಹರಿಯದೆ ಉಳಿಯುತ್ತಿದೆ. ಅದನ್ನು ಇಲ್ಲಿ ಇಟ್ಟರೆ ಆ ಪಂದ್ಯಗಳನ್ನು ಕಣ್ಣಾರೆ ಕಂಡವರು ಯಾರಾದರೂ ಉತ್ತರಿಸಿಯಾರು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಈ ಆಟವನ್ನು ನೋಡದವರಿಗಾಗಿ ಮೊದಲು ಅದರ ಸ್ವರೂಪ ಹೇಳಿಬಿಡುತ್ತೇನೆ. ಐಸ್ ಹಾಕಿಯ ಅಂಕಣದ ಮೇಲೆ ಕೃತಕ ಹುಲ್ಲಿನ ಹಾಸನ್ನು ಹಾಸಿ, ಸುತ್ತಲಿನ ಹಲಗೆಗಳನ್ನೂ ಗಾಜನ್ನೂ ಹಾಗೆಯೇ ಉಳಿಸಿಕೊಂಡು ಆಡುವ ಫುಟ್‌ಬಾಲ್ ಇದು. ಅಂಕಣ ಸುಮಾರು 200 ಅಡಿ ಉದ್ದ, 85 ಅಡಿ ಅಗಲ ಇರುತ್ತದೆ. ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಜನ. ಚೆಂಡು ಗೋಡೆಗೆ ಬಡಿದು ಮರಳಿದರೆ ಆಟ ನಿಲ್ಲುವುದಿಲ್ಲ, ಹಾಗಾಗಿ ಗೋಡೆಯೇ ಏಳನೆಯ ಆಟಗಾರನಂತೆ ಪಾಸು ಕೊಡುತ್ತದೆ. ಹದಿನೈದು ನಿಮಿಷಗಳ ನಾಲ್ಕು ಅವಧಿಗಳಲ್ಲಿ, ಆಟ ನಡೆಯುತ್ತಿರುವಾಗಲೇ ಆಟಗಾರರು ಬದಲಾಗುತ್ತಾರೆ. ಒರಟಾಗಿ ಆಡಿದವನು ಹಾಕಿಯಲ್ಲಿರುವಂತೆ ಎರಡು ನಿಮಿಷ ಹೊರಗೆ ಕೂರಬೇಕು. ಒಂದು ಪಂದ್ಯದಲ್ಲಿ ಹತ್ತು ಹನ್ನೆರಡು ಗೋಲುಗಳು ಬೀಳುವುದು ಸಾಮಾನ್ಯ.

ಇದರ ಬೀಜ ಬಿದ್ದದ್ದು 1974ರ ಫೆಬ್ರವರಿ 11ರಂದು. ಅಂದು ಫಿಲಡೆಲ್ಫಿಯಾದ ಸ್ಪೆಕ್ಟ್ರಮ್ ಸಭಾಂಗಣದಲ್ಲಿ ಸ್ಥಳೀಯ ಆಟಮ್ಸ್ ತಂಡಕ್ಕೂ ಸೋವಿಯತ್ ಸೇನಾ ತಂಡಕ್ಕೂ ಪ್ರದರ್ಶನ ಪಂದ್ಯ ನಡೆಯಿತು. ಸೋವಿಯತ್ ತಂಡ 6–3ರಿಂದ ಗೆದ್ದಿತು. ಆದರೆ ಗೆಲುವಿಗಿಂತ ಹೆಚ್ಚು ಮಾತಿಗೆ ಬಂದದ್ದು, ಚಳಿಗಾಲದ ಸೋಮವಾರದ ರಾತ್ರಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬಂದಿದ್ದರು ಎಂಬ ಸಂಗತಿ. ಅದನ್ನು ಕಂಡ ಎಡ್ ಟೆಪ್ಪರ್ ಎಂಬ ಉದ್ಯಮಿ, ವಕೀಲ ಅರ್ಲ್ ಫೋರ್ಮನ್ ಜೊತೆ ಸೇರಿ ಲೀಗ್ ಕಟ್ಟಿದರು. 1978ರ ಡಿಸೆಂಬರ್ 22ರಂದು ನ್ಯೂಯಾರ್ಕ್ ಆ್ಯರೋಸ್ ಮತ್ತು ಸಿನ್ಸಿನಾಟಿ ಕಿಡ್ಸ್ ತಂಡಗಳ ನಡುವೆ ಮೊದಲ ಪಂದ್ಯ ನಡೆಯಿತು. ಬೇಸ್‌ಬಾಲ್ ತಾರೆ ಪೀಟ್ ರೋಸ್ ಸಿನ್ಸಿನಾಟಿ ತಂಡದ ಸಹಮಾಲೀಕರಾಗಿದ್ದರು. ಆ ತಂಡ ಒಂದೇ ಋತುವಿನ ನಂತರ ಇಲ್ಲವಾಯಿತು.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಜನ ಬಾರದೆ ಮುಚ್ಚಿದ ತಂಡಗಳ ಕಥೆ ಎಲ್ಲ ಆಟಗಳಲ್ಲೂ ಇದೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಸೇಂಟ್ ಲೂಯಿಸ್ ಸ್ಟೀಮರ್ಸ್ 1981–82ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 17,000ಕ್ಕೂ ಹೆಚ್ಚು ಪ್ರೇಕ್ಷಕರನ್ನು ಸೆಳೆದಿತ್ತು. ಅದೇ ಊರಿನ, ಅದೇ ಸಭಾಂಗಣದ ಐಸ್ ಹಾಕಿ ತಂಡಕ್ಕಿಂತ ಅದು ಹೆಚ್ಚಿನ ಸಂಖ್ಯೆ. 1987ರ ಅಂತಿಮ ಸರಣಿಯ ಏಳನೆಯ ಪಂದ್ಯಕ್ಕೆ ಟಕೋಮಾ ಡೋಮ್‌ನಲ್ಲಿ 21,728 ಜನ ಸೇರಿದ್ದರು. ಡಲ್ಲಾಸ್ ಸೈಡ್‌ಕಿಕ್ಸ್ ಆ ದಿನ ಹೆಚ್ಚುವರಿ ಅವಧಿಯಲ್ಲಿ 4–3ರಿಂದ ಗೆದ್ದಿತು. ಅಲ್ಲಿಂದ ಒಂದೇ ವರ್ಷದಲ್ಲಿ, 1988ರ ಬೇಸಿಗೆಯ ಹೊತ್ತಿಗೆ, ಸೇಂಟ್ ಲೂಯಿಸ್, ಕ್ಲೀವ್‌ಲ್ಯಾಂಡ್, ಷಿಕಾಗೊ ಮತ್ತು ಮಿನ್ನೆಸೋಟ ಈ ನಾಲ್ಕೂ ತಂಡಗಳು ಬಾಗಿಲು ಹಾಕಿದ್ದವು. ಇವುಗಳಲ್ಲಿ ಕ್ಲೀವ್‌ಲ್ಯಾಂಡ್ ಫೋರ್ಸ್ ಆ ವರ್ಷದ ಅಂತಿಮ ಸರಣಿಯನ್ನು ಆಡಿದ ತಂಡ. 1992ರ ಜುಲೈನಲ್ಲಿ ಲೀಗೇ ನಿಂತುಹೋಯಿತು. ತುಂಬಿದ ಮನೆ ಇಷ್ಟು ಬೇಗ ಬರಿದಾದದ್ದು ಹೇಗೆ?

ಗೇಟ್‌ವೇ ಕನ್ನಡಿಗ (ಮಿಸೌರಿ)

ಹಿಮ್ಮಡಿಯವರೇ, ನಲವತ್ತು ವರ್ಷಗಳ ಹಿಂದಿನ ನನ್ನ ಶನಿವಾರಗಳನ್ನು ನೀವು ನೆನಪಿಗೆ ತಂದಿದ್ದೀರಿ. ನಾನು ಉನ್ನತ ವ್ಯಾಸಂಗಕ್ಕೆಂದು ಸೇಂಟ್ ಲೂಯಿಸ್‌ಗೆ ಬಂದದ್ದು 1980ರಲ್ಲಿ. ನಮ್ಮ ಪ್ರಯೋಗಾಲಯದ ಹಿರಿಯ ಸಹಾಯಕರೊಬ್ಬರು, ಆ ಊರಿನಲ್ಲೇ ಹುಟ್ಟಿ ಬೆಳೆದವರು, ಮೊದಲ ಸಲ ನನ್ನನ್ನು ಸ್ಟೀಮರ್ಸ್ ಪಂದ್ಯಕ್ಕೆ ಕರೆದುಕೊಂಡು ಹೋದರು. ಊರ ಬಯಲಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಬೆಳೆದ ನನಗೆ, ಆ ಕೆಂಪು ಬಣ್ಣದ ಚೆಂಡು ಹಲಗೆಗೆ ಬಡಿದಾಗ ಏಳುತ್ತಿದ್ದ ಸದ್ದು ಮೊದಲ ಹತ್ತು ನಿಮಿಷ ಬೆಚ್ಚಿಬೀಳಿಸಿತು. ಆಮೇಲೆ ಆ ಸದ್ದೇ ಆಟದ ತಾಳವಾಯಿತು. ಚೆಂಡು ಹೊರಹೋಯಿತೆಂದು ಉಸಿರು ಬಿಡುವುದಕ್ಕೂ ಪುರುಸೊತ್ತಿರಲಿಲ್ಲ.

ಸೇಂಟ್ ಲೂಯಿಸ್ ಮೊದಲಿನಿಂದಲೂ ಫುಟ್‌ಬಾಲಿನ ಊರು. ಅಲ್ಲಿನ ಕ್ಯಾಥೊಲಿಕ್ ಚರ್ಚುಗಳ ಶಾಲೆಗಳು ತಲೆಮಾರುಗಳಿಂದ ಆಟಗಾರರನ್ನು ಬೆಳೆಸಿದ್ದವು. ಸ್ಟೀಮರ್ಸ್ ತಂಡ ಆ ಹುಡುಗರನ್ನೇ ಆಡಿಸಿತು. ಡಾನ್ ಈಬರ್ಟ್, ಟೈ ಕಿಯೋ ಅಂಥವರು ಊರವರು, ತರಬೇತುದಾರ ಪ್ಯಾಟ್ ಮೆಕ್‌ಬ್ರೈಡ್ ಕೂಡ ಊರವರೇ. ನನ್ನ ಪಕ್ಕದ ಕುರ್ಚಿಯ ಹೆಂಗಸು ಒಬ್ಬ ಆಟಗಾರನನ್ನು ತೋರಿಸಿ, ಅವನು ತನ್ನ ಅಣ್ಣನ ಸಹಪಾಠಿ ಎಂದು ಹೇಳಿದ್ದು ಇನ್ನೂ ನೆನಪಿದೆ. ಹೊರಗಿನಿಂದ ಬಂದವರಲ್ಲಿ ನನಗೆ ಅತಿ ಪ್ರಿಯನಾದವನು ಗೋಲ್‌ಕೀಪರ್ ಸ್ಲೋಬೊ ಇಲಿಯೆವ್‌ಸ್ಕಿ. ಅವನು ಯುಗೊಸ್ಲಾವಿಯಾದವನು. ಗೋಲು ಬಿಟ್ಟು ಚೆಂಡನ್ನು ತಾನೇ ಹೊತ್ತುಕೊಂಡು ಮುನ್ನುಗ್ಗುತ್ತಿದ್ದ ಅವನನ್ನು ಕಂಡರೆ ಇಡೀ ಸಭಾಂಗಣ ಎದ್ದು ನಿಲ್ಲುತ್ತಿತ್ತು. ತಂಡ ಮುಚ್ಚಿದ ಮೇಲೂ ಅವನು ಈ ಊರನ್ನೇ ಮನೆ ಮಾಡಿಕೊಂಡ. 2008ರಲ್ಲಿ ಹವ್ಯಾಸಿ ಪಂದ್ಯವೊಂದನ್ನು ಆಡುತ್ತಿರುವಾಗಲೇ ಕುಸಿದು ತೀರಿಕೊಂಡ.

ನಿಮ್ಮ ಪ್ರಶ್ನೆಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟೆ. ಜನ ಒಂದೇ ದಿನ ಬಿಟ್ಟುಹೋಗಲಿಲ್ಲ. ಋತು ಋತುವಿಗೆ ನಾವು ಬಲ್ಲ ಮುಖಗಳು ಕಡಿಮೆಯಾದವು, ಮಾಲೀಕರು ಬದಲಾದರು, ಊರ ಹುಡುಗರ ಜಾಗಕ್ಕೆ ಬೇರೆ ತಂಡಗಳಿಂದ ಕೊಂಡು ತಂದವರು ಬಂದರು. ಆಟದ ಮಟ್ಟ ಕುಸಿಯಿತೆಂದು ನಾನು ಹೇಳಲಾರೆ. ಆದರೆ ಪಕ್ಕದ ಕುರ್ಚಿಯ ಹೆಂಗಸು 1985ರ ಹೊತ್ತಿಗೆ ಬರುವುದನ್ನು ನಿಲ್ಲಿಸಿದ್ದರು.

ಲೆಕ್ಕಪತ್ರ (ಹುಬ್ಬಳ್ಳಿ)

ಗೇಟ್‌ವೇ ಅವರ ನೆನಪುಗಳು ತುಂಬ ಹಿಡಿಸಿದವು. ನಾನು ಲೆಕ್ಕಪರಿಶೋಧನೆಯ ವೃತ್ತಿಯವನು, ಆದ್ದರಿಂದ ಇದನ್ನು ಖರ್ಚು ಆದಾಯಗಳ ಕಡೆಯಿಂದ ನೋಡಲು ಅನುಮತಿ ಕೊಡಿ. ಕುರ್ಚಿಗಳು ತುಂಬಿದ್ದವು ಎಂದಾಕ್ಷಣ ಗಲ್ಲಾಪೆಟ್ಟಿಗೆ ತುಂಬಿತ್ತು ಎಂದು ಹೇಳಲಾಗದು.

ಈ ತಂಡಗಳಲ್ಲಿ ಬಹುಪಾಲು ಸಭಾಂಗಣದ ಮಾಲೀಕರಾಗಿರಲಿಲ್ಲ, ಬಾಡಿಗೆದಾರರಾಗಿದ್ದವು. ಬಾಡಿಗೆಗೆ ಆಡುವ ತಂಡಕ್ಕೆ ಟಿಕೆಟಿನ ಹಣದಲ್ಲಿ ಒಂದು ಭಾಗ ಕೈಸೇರುತ್ತದೆ. ವಾಹನ ನಿಲುಗಡೆ, ತಿಂಡಿ ತಿನಿಸು, ಗೋಡೆಯ ಮೇಲಿನ ಜಾಹೀರಾತುಗಳ ಆದಾಯದಲ್ಲಿ ದೊಡ್ಡ ಪಾಲು ಕಟ್ಟಡದವರಿಗೇ ಹೋಗುತ್ತದೆ. ಇಂದಿನ ವೃತ್ತಿಪರ ಕ್ರೀಡೆಗಳನ್ನು ಹೊತ್ತು ನಿಲ್ಲಿಸಿರುವ ರಾಷ್ಟ್ರೀಯ ದೂರದರ್ಶನದ ಹಕ್ಕಿನ ಹಣ ಈ ಲೀಗಿಗೆ ಎಂದೂ ದೊಡ್ಡ ಪ್ರಮಾಣದಲ್ಲಿ ದೊರೆಯಲಿಲ್ಲ. ಅಂದರೆ ಆದಾಯವೆಲ್ಲ ಬಾಗಿಲಲ್ಲಿ ಹರಿದ ಚೀಟಿಯನ್ನೇ ಅವಲಂಬಿಸಿತ್ತು. ಆ ಬಾಗಿಲು ಕೂಡ ಇನ್ನೊಬ್ಬರದು.

ಇನ್ನೊಂದು ಅಂಶ ಪಂದ್ಯಗಳ ಸಂಖ್ಯೆ. ಮೊದಲ ಋತುವಿನಲ್ಲಿ ತಂಡವೊಂದು ಆಡಿದ್ದು 24 ಪಂದ್ಯ, 1987–88ರಲ್ಲಿ 56. ಹನ್ನೆರಡು ಸಲ ಊರಿನವರನ್ನು ಕರೆಯುವುದಕ್ಕೂ ಇಪ್ಪತ್ತೆಂಟು ಸಲ ಕರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಜಾತ್ರೆ ವರ್ಷಕ್ಕೊಮ್ಮೆ ಬಂದರೆ ಜಾತ್ರೆ, ವಾರವಾರವೂ ಬಂದರೆ ಅದು ಸಂತೆ. ಸಭಾಂಗಣದ ಶುಕ್ರವಾರ, ಶನಿವಾರಗಳನ್ನು ಹಾಕಿ ಮತ್ತು ಬಾಸ್ಕೆಟ್‌ಬಾಲ್ ತಂಡಗಳು ಮೊದಲೇ ಹಿಡಿದಿಟ್ಟುಕೊಂಡಿದ್ದ ಊರುಗಳಲ್ಲಿ ಫುಟ್‌ಬಾಲಿಗೆ ಉಳಿಯುತ್ತಿದ್ದುದು ವಾರದ ನಡುವಿನ ರಾತ್ರಿಗಳು. ಮರುದಿನ ಶಾಲೆಯಿರುವ ಮಕ್ಕಳನ್ನು ಬುಧವಾರ ರಾತ್ರಿ ಹತ್ತರವರೆಗೆ ಯಾವ ತಂದೆತಾಯಿ ಕೂರಿಸಿಕೊಂಡಾರು? ಈ ಆಟದ ಮುಖ್ಯ ಗಿರಾಕಿಗಳು ಕುಟುಂಬಗಳು ಎಂಬುದನ್ನು ಮರೆಯಬಾರದು.

ತಂಡಗಳು ಊರಿಂದೂರಿಗೆ ಅಲೆದ ಬಗೆಯನ್ನೂ ಗಮನಿಸಿ. ಡೆಟ್ರಾಯಿಟ್ ಲೈಟ್ನಿಂಗ್ ಒಂದು ಋತು ಆಡಿ ಸ್ಯಾನ್ ಫ್ರಾನ್ಸಿಸ್ಕೊ ಫಾಗ್ ಆಯಿತು. ಅಲ್ಲಿಯೂ ಒಂದೇ ಋತು ಆಡಿ 1981ರಲ್ಲಿ ಕ್ಯಾನ್ಸಸ್ ಸಿಟಿ ಕಾಮೆಟ್ಸ್ ಆಯಿತು. ಹಾರ್ಟ್‌ಫರ್ಡ್‌ನ ತಂಡ ಮೆಂಫಿಸ್‌ಗೆ, ಮೆಂಫಿಸ್‌ನಿಂದ ಲಾಸ್ ವೇಗಸ್‌ಗೆ ಹೋಗಿ 1985ರಲ್ಲಿ ಕೊನೆಯಾಯಿತು. ಹೂಸ್ಟನ್ ಸಮಿಟ್ ಬಾಲ್ಟಿಮೋರ್‌ಗೆ ಹೋಗಿ ಬ್ಲಾಸ್ಟ್ ಎಂಬ ಹೆಸರಿನಲ್ಲಿ ನೆಲೆನಿಂತಿತು. ಪ್ರತಿ ಸ್ಥಳಾಂತರದಲ್ಲೂ ಹಳೆಯ ಊರಿನ ನಂಬಿಕೆ ಹೋಗುತ್ತದೆ, ಹೊಸ ಊರಿನಲ್ಲಿ ನಂಬಿಕೆಯನ್ನು ಸೊನ್ನೆಯಿಂದ ಗಳಿಸಬೇಕಾಗುತ್ತದೆ. ಋತುವಿನ ಟಿಕೆಟನ್ನು ಮುಂಗಡ ಹಣ ಕೊಟ್ಟು ಕೊಳ್ಳುವವನಿಗೆ ಮುಂದಿನ ವರ್ಷ ತಂಡ ಇರುತ್ತದೆಯೋ ಇಲ್ಲವೋ ಎಂಬ ಅನುಮಾನ ಒಮ್ಮೆ ಹುಟ್ಟಿದರೆ, ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಹಿಮ್ಮಡಿ (ಮೈಸೂರು)

ಲೆಕ್ಕಪತ್ರ ಅವರೇ, ಬಾಡಿಗೆದಾರರ ವಾದವನ್ನು ಒಪ್ಪುತ್ತೇನೆ. ಆದರೆ ಪಿಟ್ಸ್‌ಬರ್ಗ್ ಸ್ಪಿರಿಟ್ ತಂಡದ ಉದಾಹರಣೆ ಅದಕ್ಕೆ ಅಡ್ಡ ಬರುವುದಿಲ್ಲವೇ? ಅದರ ಮಾಲೀಕ ಎಡ್ವರ್ಡ್ ಡಿಬಾರ್ಟೊಲೊ ಅದೇ ಊರಿನ ಐಸ್ ಹಾಕಿ ತಂಡವಾದ ಪೆಂಗ್ವಿನ್ಸ್‌ಗೂ ಮಾಲೀಕರಾಗಿದ್ದರು. ಬಾಡಿಗೆಯ ಮನೆಯ ಸಂಕಟ ಅಲ್ಲಿ ಅಷ್ಟು ಇರಲಿಲ್ಲ. 1983–84ರಲ್ಲಿ ಸ್ಪಿರಿಟ್ ತಂಡ ಪೆಂಗ್ವಿನ್ಸ್‌ಗಿಂತ ಹೆಚ್ಚು ಪ್ರೇಕ್ಷಕರನ್ನು ಸೆಳೆದಿತ್ತು. 1984ರ ಬೇಸಿಗೆಯಲ್ಲಿ ಪೆಂಗ್ವಿನ್ಸ್‌ಗೆ ಮಾರಿಯೊ ಲೆಮ್ಯೂ ಎಂಬ ಹದಿನೆಂಟರ ಹುಡುಗ ಆಯ್ಕೆಯಾಗಿ ಬಂದ. ಅಲ್ಲಿಂದಾಚೆಗೆ ಊರಿನ ಕಣ್ಣೆಲ್ಲ ಅವನ ಮೇಲೆ. ಎರಡೇ ವರ್ಷಗಳಲ್ಲಿ, 1986ರಲ್ಲಿ, ಸ್ಪಿರಿಟ್ ಮುಚ್ಚಿತು.

ನನಗನ್ನಿಸುವುದೇನೆಂದರೆ, ಒಳಾಂಗಣ ಫುಟ್‌ಬಾಲ್ ಬೆಳೆದದ್ದೇ ಬೇರೆ ಆಟಗಳು ಸೊರಗಿದ್ದ ಗಳಿಗೆಯಲ್ಲಿ. ಹೊರಾಂಗಣದ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಪೆಲೆ ನಿವೃತ್ತರಾದ ನಂತರ ಕುಸಿಯುತ್ತಾ ಬಂದು 1984ರ ಋತುವಿನೊಂದಿಗೆ ಕೊನೆಯಾಯಿತು. ಹಲವು ಊರುಗಳಲ್ಲಿ ಹಾಕಿ ತಂಡಗಳು ಸೋಲಿನ ಮೇಲೆ ಸೋಲು ಕಾಣುತ್ತಿದ್ದವು. ಬಾಲ್ಟಿಮೋರ್ ಅಂತೂ 1984ರ ಮಾರ್ಚಿನಲ್ಲಿ ತನ್ನ ಅಮೆರಿಕನ್ ಫುಟ್‌ಬಾಲ್ ತಂಡವಾದ ಕೋಲ್ಟ್ಸ್ ಅನ್ನೇ ರಾತ್ರೋರಾತ್ರಿ ಕಳೆದುಕೊಂಡಿತು. ಅದೇ ವರ್ಷ ಬ್ಲಾಸ್ಟ್ ತಂಡ ಲೀಗ್ ಪ್ರಶಸ್ತಿ ಗೆದ್ದಾಗ, ಸ್ಟಾನ್ ಸ್ಟಾಮೆಂಕೊವಿಚ್ ಎಂಬ ಮಾಂತ್ರಿಕನ ಕಾಲ್ಚಳಕವನ್ನು ಕಂಡು ಆ ಊರು ತನ್ನ ಗಾಯವನ್ನು ಕೆಲಕಾಲವಾದರೂ ಮರೆತಿರಬೇಕು. ಜಾಗ ಖಾಲಿಯಿದ್ದಾಗ ಬಂದು ಕೂತ ಆಟಕ್ಕೆ, ಮನೆಯವರು ಮರಳಿ ಬಂದ ಮೇಲೆ ಕುರ್ಚಿ ಉಳಿಸಿಕೊಳ್ಳಲಾಗಲಿಲ್ಲ.

ಸ್ಟೀವ್ ಝುಂಗುಲ್ ಅವರ ಕಥೆಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಈ ಲೀಗಿನ ಶಕ್ತಿ ಮತ್ತು ದೌರ್ಬಲ್ಯ ಎರಡೂ ಅವರಲ್ಲಿವೆ. ಹೈಡುಕ್ ಸ್ಪ್ಲಿಟ್ ತಂಡದಲ್ಲಿ ಆಡುತ್ತಿದ್ದ ಅವರು 1978ರಲ್ಲಿ ಯುಗೊಸ್ಲಾವಿಯಾದ ಅನುಮತಿಯಿಲ್ಲದೆ ಅಮೆರಿಕಕ್ಕೆ ಬಂದರು. ಆ ದೇಶದ ಒಕ್ಕೂಟದ ದೂರಿನ ಮೇಲೆ ಹೊರಾಂಗಣ ಫುಟ್‌ಬಾಲಿನ ಬಾಗಿಲುಗಳೆಲ್ಲ ಅವರಿಗೆ ವರ್ಷಗಟ್ಟಲೆ ಮುಚ್ಚಿದವು. ಒಳಾಂಗಣದ ಬಾಗಿಲು ಮಾತ್ರ ತೆರೆದಿತ್ತು. ನ್ಯೂಯಾರ್ಕ್ ಆ್ಯರೋಸ್ ಪರವಾಗಿ ಅವರು 1980–81ರ ಒಂದೇ ಋತುವಿನಲ್ಲಿ 108 ಗೋಲು ಹೊಡೆದರು. ಆ್ಯರೋಸ್ ಮೊದಲ ನಾಲ್ಕು ಪ್ರಶಸ್ತಿಗಳನ್ನೂ ಗೆದ್ದಿತು. ಯುರೋಪಿನ ದೊಡ್ಡ ತಂಡದಲ್ಲಿ ಮೆರೆಯಬೇಕಾದ ಆಟಗಾರ ಈ ಲೀಗಿಗೆ ದೊರೆತದ್ದು, ಲೀಗು ಜಗತ್ತಿನ ಫುಟ್‌ಬಾಲ್ ವ್ಯವಸ್ಥೆಯ ಹೊರಗಿದ್ದುದರಿಂದ. ಹಾಗೆ ಹೊರಗಿದ್ದುದರಿಂದಲೇ ಅವರು ಹೊಡೆದ ನೂರಾರು ಗೋಲುಗಳ ಹೆಸರು ಅಮೆರಿಕದ ಆಚೆಗೆ ಯಾರಿಗೂ ತಲುಪಲಿಲ್ಲ.

ಐದಾಳು (ಬೆಂಗಳೂರು)

ನಾನು ವಾರಕ್ಕೆರಡು ರಾತ್ರಿ ಬಾಡಿಗೆ ಟರ್ಫ್‌ನಲ್ಲಿ ಐದು ಜನರ ಫುಟ್‌ಬಾಲ್ ಆಡುವವನು. ನಮ್ಮಲ್ಲಿ ನಡೆದ ಪ್ರೀಮಿಯರ್ ಫುಟ್ಸಾಲ್ ಎಂಬ ಐದು ಜನರ ಒಳಾಂಗಣ ಫುಟ್‌ಬಾಲ್ ಲೀಗು ಕೂಡ ಇದೇ ಕಥೆಯಲ್ಲವೇ ಎಂದು ಕೇಳಬೇಕೆನಿಸಿತು. ಅದು 2016ರಲ್ಲಿ ಚೆನ್ನೈ ಮತ್ತು ಗೋವಾಗಳಲ್ಲಿ, 2017ರಲ್ಲಿ ಮುಂಬೈ, ಬೆಂಗಳೂರು ಮತ್ತು ದುಬೈಗಳಲ್ಲಿ ನಡೆಯಿತು. ಲೂಯಿಸ್ ಫಿಗೊ ಅಧ್ಯಕ್ಷರಾಗಿದ್ದರು, ರೊನಾಲ್ಡಿನ್ಯೊ, ರಯಾನ್ ಗಿಗ್ಸ್, ಪಾಲ್ ಸ್ಕೋಲ್ಸ್ ಮುಂತಾದ ತಾರೆಗಳ ಹೆಸರುಗಳಿದ್ದವು, ಫುಟ್ಸಾಲಿನ ದೊರೆಯೆನಿಸಿದ ಫಾಲ್ಕಾವೊ ಚೆನ್ನೈ ತಂಡದಲ್ಲಿದ್ದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಅದಕ್ಕಿರಲಿಲ್ಲ. ಎರಡು ಋತುಗಳ ನಂತರ ಅದು ನಿಂತುಹೋಯಿತು. ನಾನು 2017ರಲ್ಲಿ ಬೆಂಗಳೂರಿನ ಒಂದು ಪಂದ್ಯಕ್ಕೆ ಹೋಗಿದ್ದೆ. ಆಟ ಕಣ್ಣಿಗೆ ಹಬ್ಬವಾಗಿತ್ತು. ಆದರೆ ಮನೆಗೆ ಮರಳುವಾಗ ನಮ್ಮ ಗುಂಪು ಮಾತಾಡಿಕೊಂಡದ್ದು ತಾರೆಗಳ ಬಗ್ಗೆ, ಬೆಂಗಳೂರಿನ ತಂಡದ ಬಗ್ಗೆ ಅಲ್ಲ.

ಹಿಮ್ಮಡಿ (ಮೈಸೂರು)

ಐದಾಳು ಅವರೇ, ಹೋಲಿಕೆ ಒಂದು ಮಟ್ಟದವರೆಗೆ ಸರಿ. ಆದರೆ ಎರಡು ಆಟಗಳನ್ನು ಒಂದೆಂದು ತಿಳಿಯಬಾರದು. ಫುಟ್ಸಾಲಿಗೆ ಗೋಡೆಯಿಲ್ಲ, ಗೆರೆ ಇದೆ. ಚೆಂಡು ಚಿಕ್ಕದು ಮತ್ತು ಕಡಿಮೆ ಪುಟಿಯುವಂಥದ್ದು. ಅದಕ್ಕೆ ಫಿಫಾ ಮನ್ನಣೆಯಿದೆ, 1989ರಿಂದ ವಿಶ್ವಕಪ್ ಇದೆ. ಕುತೂಹಲದ ಸಂಗತಿಯೆಂದರೆ, 1989ರ ಆ ಮೊದಲ ವಿಶ್ವಕಪ್ಪಿನಲ್ಲಿ ಅಮೆರಿಕ ಮೂರನೆಯ ಸ್ಥಾನ ಪಡೆಯಿತು, 1992ರಲ್ಲಿ ಅಂತಿಮ ಪಂದ್ಯ ತಲುಪಿ ಬ್ರೆಜಿಲ್‌ಗೆ ಸೋತಿತು. ಹಲಗೆ ಗೋಡೆಗಳ ನಡುವೆ ಬೆಳೆದ ಕಾಲುಗಳ ಪಾಲು ಆ ಸಾಧನೆಯಲ್ಲಿದೆ. ಅಷ್ಟು ಒಳ್ಳೆಯ ಅಡಿಪಾಯವಿದ್ದ ದೇಶ ಆಮೇಲೆ ಫುಟ್ಸಾಲಿನಲ್ಲಿ ಆ ಎತ್ತರವನ್ನು ಮತ್ತೆ ಮುಟ್ಟಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಲೆಕ್ಕಪತ್ರ (ಹುಬ್ಬಳ್ಳಿ)

ಪಿಟ್ಸ್‌ಬರ್ಗ್‌ನ ವಿಷಯದಲ್ಲಿ ಹಿಮ್ಮಡಿಯವರ ಮಾತು ಸರಿ, ನನ್ನ ವಾದವನ್ನು ತಿದ್ದಿಕೊಳ್ಳುತ್ತೇನೆ. ಕಟ್ಟಡ ಕೈಯಲ್ಲಿದ್ದರೂ ಸಾಲದು. ಎರಡು ತಂಡಗಳ ಮಾಲೀಕನಿಗೆ ಒಂದನ್ನು ಉಳಿಸಿಕೊಳ್ಳುವ ಗಳಿಗೆ ಬಂದರೆ ಅವನು ರಾಷ್ಟ್ರೀಯ ಮಟ್ಟದಲ್ಲಿ ಬೆಲೆ ಬಾಳುವುದನ್ನು ಉಳಿಸಿಕೊಳ್ಳುತ್ತಾನೆ. ಲಾಸ್ ಏಂಜಲೀಸ್‌ನ ಬಾಸ್ಕೆಟ್‌ಬಾಲ್ ತಂಡದ ಮಾಲೀಕ ಜೆರ್ರಿ ಬಸ್ ಅವರ ಲೇಝರ್ಸ್ ತಂಡಕ್ಕೂ ಇದೇ ಗತಿಯಾಯಿತು. ಸ್ವಂತ ಸಭಾಂಗಣದಲ್ಲೇ ಆಡುತ್ತಿದ್ದ ಆ ತಂಡ 1989ರಲ್ಲಿ ಮುಚ್ಚಿತು. ಅದೇ ಬಸ್ ಅವರು ಕಾಂಟಿನೆಂಟಲ್ ಇಂಡೋರ್ ಸಾಕರ್ ಲೀಗ್ ಕಟ್ಟುವುದರಲ್ಲಿ ಮುಂದಾದರು. ಆ ಲೀಗಿನ ಆಲೋಚನೆ ಬಹಳ ಸರಳವಾಗಿತ್ತು: ಬಾಸ್ಕೆಟ್‌ಬಾಲ್ ಮತ್ತು ಹಾಕಿ ಇಲ್ಲದ ಬೇಸಿಗೆಯಲ್ಲಿ ಸಭಾಂಗಣಗಳು ಖಾಲಿ ಬಿದ್ದಿರುತ್ತವೆ, ಆಗ ಫುಟ್‌ಬಾಲ್ ಆಡಿಸಿದರೆ ಕಟ್ಟಡಕ್ಕೂ ಬಾಡಿಗೆ, ಆಟಕ್ಕೂ ಒಳ್ಳೆಯ ದಿನಾಂಕಗಳು. ಅದು 1993ರಲ್ಲಿ ಆರಂಭವಾಯಿತು, ಮೆಕ್ಸಿಕೊದ ಮಾಂಟೆರ್ರೆ ತಂಡ 1995 ಮತ್ತು 1996ರಲ್ಲಿ ಗೆದ್ದಿತು, 1997ರ ಕೊನೆಗೆ ಲೀಗೇ ನಿಂತಿತು. 1996ರಲ್ಲಿ ಹೊರಾಂಗಣದ ಮೇಜರ್ ಲೀಗ್ ಸಾಕರ್ ಅದೇ ಬೇಸಿಗೆಯ ತಿಂಗಳುಗಳಲ್ಲಿ ಶುರುವಾದದ್ದು ಅದಕ್ಕೆ ದೊಡ್ಡ ಹೊಡೆತ ಎಂಬುದು ನನ್ನ ಅಭಿಪ್ರಾಯ.

ಇನ್ನು ಖರ್ಚಿನ ಪಕ್ಷ. 1984ರಲ್ಲಿ ಹೊರಾಂಗಣದ ಲೀಗಿನಿಂದ ನಾಲ್ಕು ತಂಡಗಳು, ಅಂದರೆ ಷಿಕಾಗೊ ಸ್ಟಿಂಗ್, ಮಿನ್ನೆಸೋಟ ಸ್ಟ್ರೈಕರ್ಸ್, ಸ್ಯಾನ್ ಡಿಯಾಗೊ ಸಾಕರ್ಸ್ ಮತ್ತು ನ್ಯೂಯಾರ್ಕ್ ಕಾಸ್ಮಾಸ್, ಒಳಾಂಗಣಕ್ಕೆ ಬಂದವು. ಅವು ತಮ್ಮ ತಾರೆಗಳನ್ನಷ್ಟೇ ತರಲಿಲ್ಲ, ತಮ್ಮ ಸಂಬಳದ ಅಭ್ಯಾಸವನ್ನೂ ತಂದವು. ಕಾಸ್ಮಾಸ್ 33 ಪಂದ್ಯ ಆಡಿ ಋತುವಿನ ನಡುವೆಯೇ ಹೊರಟುಹೋಯಿತು. ಎರಡು ವರ್ಷಗಳ ನಂತರ ನ್ಯೂಯಾರ್ಕ್ ಎಕ್ಸ್‌ಪ್ರೆಸ್ ಎಂಬ ಹೊಸ ತಂಡ 26 ಪಂದ್ಯಗಳಲ್ಲಿ ಮೂರನ್ನು ಮಾತ್ರ ಗೆದ್ದು, ಅದೂ ನಡುವಿನಲ್ಲೇ ಮುಚ್ಚಿತು. ಆಟ ನಡೆಯುತ್ತಿರುವಾಗಲೇ ತಂಡವೊಂದು ಇಲ್ಲವಾದರೆ ಉಳಿದ ತಂಡಗಳ ವೇಳಾಪಟ್ಟಿಯೇ ಹರಿದುಹೋಗುತ್ತದೆ. ಟಿಕೆಟ್ ಕೊಂಡವರಿಗೆ ಹಣ ಮರಳಿಸಬೇಕಾಗುತ್ತದೆ. 1988ರಲ್ಲಿ ಮಾಲೀಕರು ಆಟಗಾರರ ಸಂಬಳದ ಮಿತಿಯನ್ನು ಇನ್ನೂ ಇಳಿಸಲೇಬೇಕೆಂದು ಪಟ್ಟು ಹಿಡಿದು, ಆಟಗಾರರ ಸಂಘದಿಂದ ಒಪ್ಪಿಗೆ ಪಡೆದರು. ಅಷ್ಟಾದ ಮೇಲೂ ತಂಡಗಳು ಏಳಕ್ಕಿಳಿದವು.

ಸ್ಯಾನ್ ಡಿಯಾಗೊ ಸಾಕರ್ಸ್ 1982ರಿಂದ 1992ರವರೆಗಿನ ಹನ್ನೊಂದು ಒಳಾಂಗಣ ಋತುಗಳಲ್ಲಿ ಹತ್ತು ಪ್ರಶಸ್ತಿ ಗೆದ್ದಿತು. ತಪ್ಪಿದ್ದು ಡಲ್ಲಾಸ್ ಗೆದ್ದ 1987 ಒಂದೇ. ಯಾವ ಆಟದಲ್ಲೇ ಆಗಲಿ ಇಂಥ ಯಶಸ್ಸು ಅಪರೂಪ. ಆ ತಂಡವೂ 1996ರಲ್ಲಿ ಮುಚ್ಚಿತು. ಆಟದಲ್ಲಿ ಗೆಲ್ಲುವುದು ಲೆಕ್ಕದಲ್ಲಿ ಉಳಿಯುವುದಕ್ಕೆ ಖಾತರಿಯಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಮಿಲ್ವಾಕಿಯ ಅಮ್ಮ (ವಿಸ್ಕಾನ್ಸಿನ್)

ನೀವೆಲ್ಲರೂ ಮುಚ್ಚಿದ ತಂಡಗಳ ಬಗ್ಗೆಯೇ ಬರೆಯುತ್ತಿದ್ದೀರಿ. ಮುಚ್ಚದ ತಂಡದ ಊರಿನಲ್ಲಿರುವ ನಾನು ಎರಡು ಮಾತು ಸೇರಿಸುತ್ತೇನೆ. ಮಿಲ್ವಾಕಿ ವೇವ್ 1984ರಿಂದ ಇಂದಿನವರೆಗೆ ಮುಚ್ಚದೆ ಉಳಿದುಕೊಂಡು ಬಂದಿದೆ. ಅಮೆರಿಕದಲ್ಲಿ ಇಷ್ಟು ಕಾಲ ಮುಚ್ಚದೆ ಉಳಿದ ವೃತ್ತಿಪರ ಫುಟ್‌ಬಾಲ್ ತಂಡ ಇನ್ನೊಂದಿಲ್ಲ.

ಅದು ಹುಟ್ಟಿದ್ದು ನೀವು ಹೇಳುತ್ತಿರುವ ದೊಡ್ಡ ಲೀಗಿನಲ್ಲಿ ಅಲ್ಲ. ಅಮೆರಿಕನ್ ಇಂಡೋರ್ ಸಾಕರ್ ಅಸೋಸಿಯೇಷನ್ ಎಂಬ ಸಣ್ಣ ಲೀಗಿನಲ್ಲಿ. ಅದರಲ್ಲಿ ಕ್ಯಾಂಟನ್, ಕ್ಯಾಲಮಝೂ, ಲೂಯಿವಿಲ್‌ನಂಥ ಮಧ್ಯಮ ಊರುಗಳ ತಂಡಗಳಿದ್ದವು. ಸಂಬಳ ಕಡಿಮೆ, ಪ್ರಯಾಣ ಹತ್ತಿರ, ಸಭಾಂಗಣ ಚಿಕ್ಕದು. 1990ರಲ್ಲಿ ಆ ಲೀಗು ಹೆಸರು ಬದಲಿಸಿಕೊಂಡು ನ್ಯಾಷನಲ್ ಪ್ರೊಫೆಷನಲ್ ಸಾಕರ್ ಲೀಗ್ ಆಯಿತು. ದೊಡ್ಡ ಲೀಗು 1992ರಲ್ಲಿ ಬಿದ್ದಾಗ ವಿಚಿಟಾ ವಿಂಗ್ಸ್, ಕ್ಲೀವ್‌ಲ್ಯಾಂಡ್ ಕ್ರಂಚ್ ತಂಡಗಳು ಬಂದು ಸೇರಿದ್ದು ಈ ಸಣ್ಣ ಮನೆಗೇ. ಬಾಲ್ಟಿಮೋರ್‌ನವರು ಕೂಡ ಸ್ಪಿರಿಟ್ ಎಂಬ ಹೆಸರಿನ ಹೊಸ ತಂಡ ಕಟ್ಟಿಕೊಂಡು ಇಲ್ಲಿಗೇ ಬಂದರು. 1998ರಲ್ಲಿ ಹಳೆಯ ಮಾಲೀಕ ಎಡ್ ಹೇಲ್ ಮರಳಿ ಬಂದು ಅದಕ್ಕೆ ಬ್ಲಾಸ್ಟ್ ಎಂಬ ಹೆಸರನ್ನು ಮತ್ತೆ ಕೊಟ್ಟರು. ದೊಡ್ಡಣ್ಣ ಸಾಲ ಮಾಡಿ ಮೆರೆದ, ಚಿಕ್ಕ ತಮ್ಮ ಕೈಯಲ್ಲಿದ್ದಷ್ಟರಲ್ಲಿ ಸಂಸಾರ ಮಾಡಿದ ಎಂದು ನಮ್ಮ ಕಡೆ ಹೇಳುವ ಹಾಗೆ.

ನನ್ನ ಮಗಳಿಗೆ ಈಗ ಹನ್ನೊಂದು ವರ್ಷ. ಚಳಿಗಾಲದಲ್ಲಿ ಹೊರಗೆ ಆಡಲಾಗದ ಈ ಊರಿನಲ್ಲಿ ಮಕ್ಕಳ ಲೀಗುಗಳೆಲ್ಲ ಹಲಗೆ ಗೋಡೆಗಳ ನಡುವೆಯೇ ನಡೆಯುತ್ತವೆ. ತಾನು ಶನಿವಾರ ಬೆಳಿಗ್ಗೆ ಆಡುವ ಆಟವನ್ನೇ ದೊಡ್ಡವರು ಸಂಜೆ ಆಡುವುದನ್ನು ಅವಳು ನೋಡುತ್ತಾಳೆ, ಪಂದ್ಯ ಮುಗಿದ ಮೇಲೆ ಅಂಗಿಯ ಮೇಲೆ ಆಟಗಾರರ ಸಹಿ ಹಾಕಿಸಿಕೊಳ್ಳುತ್ತಾಳೆ. ಹದಿನೇಳು ಸಾವಿರ ಜನ ಇರುವುದಿಲ್ಲ. ಆದರೆ ಬರುವವರಲ್ಲಿ ಬಹಳಷ್ಟು ಮಂದಿ ಮುಂದಿನ ಸಲವೂ ಬರುತ್ತಾರೆ. ಇಷ್ಟು ವರ್ಷಗಳಲ್ಲಿ ಲೀಗುಗಳ ಹೆಸರು ಎಷ್ಟೋ ಬಾರಿ ಬದಲಾಗಿದೆ, ಈಗಿನದು ಮೇಜರ್ ಅರೀನಾ ಸಾಕರ್ ಲೀಗ್. ತಂಡದ ಹೆಸರು ಮಾತ್ರ ವೇವ್ ಆಗಿಯೇ ಉಳಿದಿದೆ.

ಗೇಟ್‌ವೇ ಕನ್ನಡಿಗ (ಮಿಸೌರಿ)

ಮಿಲ್ವಾಕಿಯ ಅಮ್ಮ, ನಿಮ್ಮ ಮಾತು ನನ್ನ ಊರಿಗೆ ಏಕೆ ಅನ್ವಯಿಸಲಿಲ್ಲ ಎಂದು ಎರಡು ದಿನ ಯೋಚಿಸಿದೆ. ಸೇಂಟ್ ಲೂಯಿಸ್‌ಗೆ ಬೇರಿತ್ತು, ಮಕ್ಕಳಿದ್ದರು, ಊರ ಆಟಗಾರರಿದ್ದರು. ಬೇರು ಮಾತ್ರ ಸಾಕೆಂದಾದರೆ ಸ್ಟೀಮರ್ಸ್ ಇಂದಿಗೂ ಇರಬೇಕಿತ್ತು. ಈಗ ನನಗೆ ಹೊಳೆಯುವುದು ಹೀಗೆ: ಅಷ್ಟು ಬೇಗ ಅಷ್ಟು ಜನ ಬಂದದ್ದೇ ಒಂದು ತೊಡಕಾಯಿತು. ಹದಿನೇಳು ಸಾವಿರದ ಸರಾಸರಿಯನ್ನು ಕಂಡ ಮೇಲೆ ಖರ್ಚೂ ಹದಿನೇಳು ಸಾವಿರದ ಲೆಕ್ಕಕ್ಕೇ ಹೊಂದಿಕೊಂಡಿತು. ಆಮೇಲೆ ಎಂಟು ಸಾವಿರ ಜನ ಬಂದ ರಾತ್ರಿ ಸೋಲಿನ ರಾತ್ರಿಯಂತೆ ಕಾಣತೊಡಗಿತು. ಎಂಟು ಸಾವಿರ ಜನ! ಅವರಲ್ಲಿ ನಾನೂ ಒಬ್ಬನಾಗಿದ್ದೆ. ನಮ್ಮನ್ನು ಎಣಿಸುವಾಗ ಬಾರದವರನ್ನೇ ಎಣಿಸುತ್ತಿದ್ದರು.

ಊರು ಆಟವನ್ನು ಬಿಡಲಿಲ್ಲ ಎಂಬುದನ್ನೂ ಹೇಳಬೇಕು. 1989ರಲ್ಲಿ ಸ್ಟಾರ್ಮ್ ಬಂತು, 1992ರಲ್ಲಿ ಆಂಬುಷ್ ಬಂತು, ಅದು 1995ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಸ್ಟೀಮರ್ಸ್ ಎಂಬ ಹೆಸರೂ ಒಮ್ಮೆ ಮರಳಿ ಬಂದು ಹೋಯಿತು. ಈಗ ಆಂಬುಷ್ ಹೆಸರಿನ ತಂಡ ಪಕ್ಕದ ಸೇಂಟ್ ಚಾರ್ಲ್ಸ್‌ನಲ್ಲಿ ಆಡುತ್ತಿದೆ. ಪ್ರತಿ ಸಲವೂ ಹೊಸ ಅಂಗಿ ಕೊಂಡೆ.

ಹಿಮ್ಮಡಿ (ಮೈಸೂರು)

ನಿಮ್ಮ ಕೊನೆಯ ವಾಕ್ಯ ಓದಿ ಮನಸ್ಸು ತುಂಬಿತು, ಸರ್. ಎಂಟು ಸಾವಿರದ ಮಾತು ನನ್ನ ಪ್ರಶ್ನೆಗೆ ಬಹುಮಟ್ಟಿನ ಉತ್ತರ ಎಂದೇ ಭಾವಿಸುತ್ತೇನೆ.

ವಿಚಿಟಾ ತಂಡದ ಬಗ್ಗೆ ಒಂದು ಸೇರ್ಪಡೆ ಮಾಡುತ್ತೇನೆ, ಅದು ನಿಮ್ಮಿಬ್ಬರ ಊರುಗಳ ನಡುವೆ ನಿಲ್ಲುವ ಉದಾಹರಣೆ. ನ್ಯೂಯಾರ್ಕ್, ಷಿಕಾಗೊಗಳ ಎದುರು ಅದು ತೀರ ಚಿಕ್ಕ ಊರು. ದೊಡ್ಡ ಲೀಗಿನ ಎರಡನೆಯ ಋತುವಿನಲ್ಲಿ, 1979ರಲ್ಲಿ, ಸೇರಿದ ವಿಂಗ್ಸ್ ತಂಡ ಒಮ್ಮೆಯೂ ಪ್ರಶಸ್ತಿ ಗೆಲ್ಲಲಿಲ್ಲ. ಹಣ ಮುಗಿದು ಮುಚ್ಚುವ ಸ್ಥಿತಿ ಬಂದಾಗಲೆಲ್ಲ ಊರಿನವರೇ ಚಂದಾ ಎತ್ತಿ, ಟಿಕೆಟ್ ಮಾರಿ ತಂಡವನ್ನು ಉಳಿಸಿಕೊಂಡರು. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬರುತ್ತಿದ್ದ ಆ ಪ್ರೇಕ್ಷಕರು ತಂಡವನ್ನು ದೊಡ್ಡ ಲೀಗಿನ ಕೊನೆಯ ದಿನದವರೆಗೂ, ಆಮೇಲೆ 2001ರವರೆಗೂ ನಡೆಸಿಕೊಂಡು ಬಂದರು. ಸಿರಿವಂತ ಮಾಲೀಕರ ನ್ಯೂಯಾರ್ಕ್‌ನಲ್ಲಿ ಆ್ಯರೋಸ್, ಕಾಸ್ಮಾಸ್, ಎಕ್ಸ್‌ಪ್ರೆಸ್ ಮೂರೂ ಮುಳುಗಿದ ಎಷ್ಟೋ ವರ್ಷಗಳ ನಂತರವೂ ವಿಚಿಟಾ ಆಡುತ್ತಿತ್ತು.

ಆಟಗಾರರಿಗೆ ಏನಾಯಿತು ಎಂದು ಒಬ್ಬ ಸದಸ್ಯರು ಖಾಸಗಿಯಾಗಿ ಕೇಳಿದ್ದಾರೆ. ಹಲವರು ತರಬೇತುದಾರರಾಗಿ ಆಯಾ ಊರುಗಳಲ್ಲೇ ನೆಲೆಸಿದರು. ಡಲ್ಲಾಸ್‌ನ ಬ್ರೆಜಿಲ್ ಮೂಲದ ಟಾಟು, ಗೋಲು ಹೊಡೆದಾಗಲೆಲ್ಲ ಅಂಗಿ ಕಳಚಿ ಪ್ರೇಕ್ಷಕರತ್ತ ಎಸೆಯುತ್ತಿದ್ದವರು, ಅದೇ ತಂಡದ ತರಬೇತುದಾರರೂ ಆದರು. ಟಕೋಮಾದಲ್ಲಿ ಮಿಂಚಿದ ಪ್ರೆಕಿ ಮುಂದೆ ಅಮೆರಿಕದ ಪೌರತ್ವ ಪಡೆದು, 1998ರ ಗೋಲ್ಡ್ ಕಪ್‌ನಲ್ಲಿ ಬ್ರೆಜಿಲ್ ವಿರುದ್ಧದ 1–0 ಗೆಲುವಿನ ಏಕೈಕ ಗೋಲು ಹೊಡೆದರು. ಎಡಗಾಲಿನಿಂದ ಕಡಿಮೆ ಜಾಗದಲ್ಲಿ ಚೆಂಡನ್ನು ತಿರುಗಿಸಿಕೊಳ್ಳುವ ಆ ಕೌಶಲವನ್ನು ಅವರು ವರ್ಷಗಟ್ಟಲೆ ಪಳಗಿಸಿದ್ದು ಹಲಗೆ ಗೋಡೆಗಳ ಮಗ್ಗುಲಲ್ಲೇ.

ಲೆಕ್ಕಪತ್ರ (ಹುಬ್ಬಳ್ಳಿ)

ವಿಚಿಟಾದ ವಿಷಯ ನನಗೆ ಹೊಸದು, ಧನ್ಯವಾದ. ಬಾಡಿಗೆಯ ಮನೆಗಳ ಬಗ್ಗೆ ಮೊದಲೇ ಬರೆದಿದ್ದರಿಂದ, ಆ ಮನೆಗಳಿಗೆ ಏನಾಯಿತು ಎಂದು ಹುಡುಕಿ ನೋಡಿದೆ. ಸೇಂಟ್ ಲೂಯಿಸ್‌ನ ಸಭಾಂಗಣವನ್ನು 1999ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಕ್ಲೀವ್‌ಲ್ಯಾಂಡ್ ಫೋರ್ಸ್ ಆಡುತ್ತಿದ್ದ ರಿಚ್‌ಫೀಲ್ಡ್ ಕೊಲಿಸಿಯಂ ಕೂಡ ಅದೇ ವರ್ಷ ನೆಲಸಮವಾಯಿತು, ಆ ಜಾಗ ಈಗ ಕಯಾಹೋಗ ಕಣಿವೆಯ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಹುಲ್ಲುಗಾವಲು. ಕ್ಯಾನ್ಸಸ್ ಸಿಟಿಯ ಕೆಂಪರ್ ಅರೀನಾ ಮಾತ್ರ ಉಳಿದಿದೆ. ಕಾಮೆಟ್ಸ್ ಆಡುತ್ತಿದ್ದ ಆ ಕಟ್ಟಡವನ್ನು ಎರಡು ಅಂತಸ್ತುಗಳಾಗಿ ಮಾರ್ಪಡಿಸಿ ಯುವಕರ ಆಟೋಟಗಳಿಗೆ ಬಿಟ್ಟುಕೊಟ್ಟಿದ್ದಾರೆ.

ಮಿಲ್ವಾಕಿಯ ಅಮ್ಮ (ವಿಸ್ಕಾನ್ಸಿನ್)

ನಮ್ಮೂರಿನದನ್ನೂ ಸೇರಿಸಿಕೊಳ್ಳಿ. ವೇವ್ ತಂಡ ಮಧ್ಯದಲ್ಲಿ ಹದಿನೈದು ವರ್ಷ ದೊಡ್ಡ ಬ್ರ್ಯಾಡ್ಲಿ ಸೆಂಟರ್‌ನಲ್ಲಿ ಆಡಿತು. ಅದನ್ನು ಈಗ ಕೆಡವಿದ್ದಾರೆ. ಅದಕ್ಕೂ ಮುನ್ನವೇ ತಂಡ ತಾನು ಶುರುವಾದ ಹಳೆಯ ಸಣ್ಣ ಸಭಾಂಗಣಕ್ಕೆ ಮರಳಿತ್ತು. ಇಂದಿಗೂ ಅಲ್ಲೇ ಆಡುತ್ತಿದೆ. ಗೇಟ್‌ವೇ ಸರ್, ಆಂಬುಷ್ ಇಲ್ಲಿಗೆ ಆಡಲು ಬಂದಾಗ ನೀವೂ ಬನ್ನಿ, ಊಟ ನಮ್ಮ ಮನೆಯಲ್ಲಿ.